ತಲೆ ನಮ್ಮದು, ಬಾಲ ಭಾವನದು

ಅವಸರಪ್ಪನವರು ಸುಮ್ಮನೆ ಕೂತಿದ್ದನ್ನು ಕಣ್ಣಾರೆ ಕಂಡವರು ಬಹಳ ಕಡಿಮೆ. ಅವರಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಗಿರಾಕಿ ಎದುರುಗೋಡೆಯ ಅಕ್ಷರಗಳನ್ನು ಓದಲು ಕಣ್ಣು ಕಿರಿದು ಮಾಡುವಷ್ಟರಲ್ಲಿ ಇವರಿಗೆ ತಾಳ್ಮೆ ತಪ್ಪಿ, ಆ ಸಾಲನ್ನು ತಾವೇ ಗಟ್ಟಿಯಾಗಿ ಓದಿಬಿಡುತ್ತಿದ್ದರು. ಗಿರಾಕಿ ಪಾಪ, ಕೇಳಿಸಿಕೊಂಡಿದ್ದನ್ನೇ ಒಪ್ಪಿಸುತ್ತಿದ್ದ. ಹೀಗಾಗಿ ಆ ಪೇಟೆಯಲ್ಲಿ ತಮ್ಮ ಕಣ್ಣಿಗೆ ತಕ್ಕ ಕನ್ನಡಕ ಹಾಕಿಕೊಂಡವರಿಗಿಂತ ಅವಸರಪ್ಪನವರ ಕಣ್ಣಿಗೆ ತಕ್ಕ ಕನ್ನಡಕ ಹಾಕಿಕೊಂಡು ಓಡಾಡುವವರೇ ಹೆಚ್ಚು ಎಂದು ಅಂಗಡಿಯ ಮಾಲೀಕರು ಹೇಳುತ್ತಿದ್ದರು. ಅವಸರಪ್ಪ ಎಂದು ಕರೆಯಲು ಶುರುಮಾಡಿದವರೂ ಅವರೇ. ಆ ಹೆಸರು ಅಂಗಡಿಯಿಂದ ಬೀದಿಗೆ, ಬೀದಿಯಿಂದ ಮನೆಗೆ, ಮನೆಯಿಂದ ಹೆಂಡತಿಯ ತವರಿಗೆ ತಲುಪಲು ಒಂದು ವಾರವೂ ಹಿಡಿಯಲಿಲ್ಲ.

ಇಂಥವರಿಗೆ ಭಾನುವಾರವೆಂದರೆ ಶಿಕ್ಷೆ. ಅಂಗಡಿಗೆ ರಜೆ, ಕೈಗೆ ಕೆಲಸವಿಲ್ಲ. ಆ ಭಾನುವಾರ ಗಡಿಯಾರವನ್ನು ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಬದಲಾಯಿಸಿ, ಮತ್ತೆ ಮೊದಲಿನ ಗೋಡೆಗೇ ತಂದು, ಎರಡು ಮೊಳೆ ಹಾಳುಮಾಡಿ, ಇನ್ನೇನು ಮಂಚದ ಕಾಲಿಗೆ ಕೈ ಹಾಕಬೇಕು ಎನ್ನುವಾಗ ಹಿತ್ತಲಿನಿಂದ ಹೆಂಡತಿಯ ದನಿ ಬಂತು.

"ರೀ, ಈ ಒಗೆಯೋ ಕಲ್ಲು ಮತ್ತೆ ಅಲುಗಾಡ್ತಾ ಇದೆ. ನಾಳೆ ಗಾರೆಯವನನ್ನ ಕರೆಸಿ."

"ಗಾರೆಯವನು ಯಾಕೆ? ನಾನಿಲ್ವಾ?"

"ನೀವಿದೀರಲ್ಲ, ಅದಕ್ಕೇ ಗಾರೆಯವನು ಬೇಕು ಅಂದಿದ್ದು."

ಈ ಮಾತು ಅವಸರಪ್ಪನವರಿಗೆ ನಾಟಿತು. ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ಟರ ಹಾರೆ ಎರವಲು ತಂದರು. ಕಲ್ಲಿನ ಬುಡಕ್ಕೆ ಒಂದು ಚಕ್ಕೆ ಕಲ್ಲು ಕೊಟ್ಟರೆ ಮುಗಿಯುವ ಕೆಲಸ. ಆದರೆ ಚಕ್ಕೆ ಹುಡುಕುವಷ್ಟು ತಾಳ್ಮೆ ಎಲ್ಲಿ? ಹಾರೆ ಹಾಕಿ ಮೀಟಿಯೇಬಿಟ್ಟರು. ಕಲ್ಲು ಒಮ್ಮೆ ನರಳಿತು, ಎದ್ದು ನಿಂತಿತು, ಎತ್ತ ಬೀಳಲಿ ಎಂದು ಯೋಚಿಸಿತು, ಕೊನೆಗೆ ಅವಸರಪ್ಪನವರ ಕಾಲನ್ನು ದೊಡ್ಡ ಮನಸ್ಸು ಮಾಡಿ ಬಿಟ್ಟು, ಬಟ್ಟೆ ನೆನೆಹಾಕಿದ್ದ ಬಕೀಟನ್ನು ಅಪ್ಪಚ್ಚಿ ಮಾಡಿ ಅಂಗಾತ ಬಿತ್ತು.

ಹೆಂಡತಿ ಓಡಿ ಬಂದಳು. ಕಾಂಪೌಂಡಿನ ಮೇಲಿನಿಂದ ಮೇಷ್ಟ್ರ ತಲೆಯೂ ಮೇಲೆದ್ದಿತು. ಮೂವರೂ ಕಲ್ಲನ್ನು ನೋಡಿದರು. ಇಷ್ಟು ವರ್ಷ ನೆಲಕ್ಕೆ ಮುಖ ಮಾಡಿ ಮಲಗಿದ್ದ ಆ ಮಗ್ಗುಲಲ್ಲಿ ಮೊರದಷ್ಟು ಅಗಲದ ಒಂದು ತಲೆಬುರುಡೆ ಇತ್ತು. ಮೇಲ್ಗಡೆ ಎರಡು ಕಣ್ಣಿನ ಗುಳಿ. ದವಡೆಯ ಸುತ್ತ ಗರಗಸದಂತೆ ಹಲ್ಲು. ಅದರ ಹಿಂದೆ ಸಾಲಾಗಿ ಬೆನ್ನುಮೂಳೆ, ಎರಡು ಮುಂಗಾಲು, ಪಕ್ಕೆಲುಬು. ಸೊಂಟದ ಹತ್ತಿರ ಕಲ್ಲೇ ಮುಗಿದುಹೋಗಿತ್ತು.

"ಮೊಸಳೆ," ಎಂದರು ಮೇಷ್ಟ್ರು, ಹಾಜರಿ ಕೂಗಿದಂತೆ.

ಮೇಷ್ಟ್ರು ಏನೇ ಹೇಳಲಿ, ಅದಲ್ಲ ಎನ್ನುವುದು ಅವಸರಪ್ಪನವರಿಗೆ ಹಳೆಯ ಅಭ್ಯಾಸ. "ಮೊಸಳೆ ಅಲ್ಲ ಸಾರ್. ಇದು ಕಪ್ಪೆ ಜಾತಿ," ಎಂದುಬಿಟ್ಟರು.

"ಹಲ್ಲಿರೋ ಕಪ್ಪೆನಾ?"

"ಆಗ ಇರ್ತಿತ್ತು."

"ಯಾವಾಗ?"

"ಆಗ," ಎಂದರು ಅವಸರಪ್ಪನವರು, ಕೈಯನ್ನು ಬಹಳ ಹಿಂದಕ್ಕೆ ಬೀಸುತ್ತ.

ಜಗತ್ತಿನಲ್ಲಿ ದೊಡ್ಡ ದೊಡ್ಡ ಸತ್ಯಗಳು ಹೀಗೂ ಹೊರಬರುತ್ತವೆ. ಆದರೆ ಅದು ಸತ್ಯವೆಂದು ಆಗ ಅವರಿಗೂ ಗೊತ್ತಿರಲಿಲ್ಲ. ಮೇಷ್ಟ್ರ ಎದುರು ಆಡಿದ ಮಾತನ್ನು ಉಳಿಸಿಕೊಳ್ಳಬೇಕಲ್ಲ, ಒಳಗೆ ಓಡಿ ವಸ್ತು ಸಂಗ್ರಹಾಲಯದ ನಂಬರು ಹುಡುಕಿದರು. ಪೂರ್ತಿ ಓದುವ ವ್ಯವಧಾನವಿದ್ದಿದ್ದರೆ ಈ ಕಥೆ ಅರ್ಧಕ್ಕರ್ಧ ಚಿಕ್ಕದಾಗುತ್ತಿತ್ತು. 'ಸಂಗ್ರಹಾಲಯ' ಎನ್ನುವುದನ್ನಷ್ಟೇ ಓದಿ ನಂಬರು ಒತ್ತಿದರು. ಅದು ಪ್ರಾಣಿ ಸಂಗ್ರಹಾಲಯ.

"ಹಲೋ, ಸಂಗ್ರಹಾಲಯಾನಾ? ನಮ್ಮ ಹಿತ್ತಲಲ್ಲಿ ಒಂದು ಕಪ್ಪೆ ಸಿಕ್ಕಿದೆ."

"ಕಪ್ಪೆ ಎಲ್ಲರ ಹಿತ್ತಲಲ್ಲೂ ಸಿಗತ್ತೆ ಸ್ವಾಮಿ."

"ಮಂಚದ ಅರ್ಧದಷ್ಟು ಉದ್ದ ಇದೆ."

ಆ ಕಡೆ ಕುರ್ಚಿ ಎಳೆದ ಸದ್ದು ಕೇಳಿಸಿತು. "ಏನಂದ್ರಿ?"

"ಅರ್ಧ ಅಷ್ಟೇ ಕಾಣ್ತಿರೋದು. ಇನ್ನರ್ಧ ಎಲ್ಲಿದೆಯೋ. ಬಾಯಿ ತುಂಬ ಹಲ್ಲು."

"ಅಲುಗಾಡ್ತಾ ಇದೆಯಾ?"

"ಬೆಳಗ್ಗೆವರೆಗೂ ಅಲುಗಾಡ್ತಿತ್ತು. ನಾನು ಹಾರೆ ಹಾಕಿ ಮಗುಚಿದ ಮೇಲೆ ನಿಂತಿದೆ."

"ಹಾರೇನಾ! ಕೊಂದೇಬಿಟ್ರಾ?"

"ಅಯ್ಯೋ, ಅದು ಮುಂಚೇನೇ ಸತ್ತಿತ್ತು."

"ಅಲುಗಾಡ್ತಿತ್ತು ಅಂದ್ರಲ್ಲ?"

"ಸತ್ತ ಮೇಲೇ ಅಲುಗಾಡ್ತಿದ್ದಿದ್ದು! ದಿನಾ ಅದರ ಮೇಲೆ ನನ್ನ ಹೆಂಡತಿ ಬಟ್ಟೆ ಒಗೀತಿದ್ಲು!"

ಆಮೇಲೆ ಆ ದನಿ, ಹುಚ್ಚರ ಜೊತೆ ಮಾತಾಡುವಾಗ ಬರುವ ಮೃದುತ್ವದಿಂದ, "ಮನೆಯವರೆಲ್ಲ ಒಳಗೆ ಹೋಗಿ ಬಾಗಿಲು ಹಾಕ್ಕೊಳ್ಳಿ. ಮುಟ್ಟೋಕೆ ಹೋಗಬೇಡಿ. ನಾವು ಬರ್ತಾ ಇದೀವಿ," ಎಂದಿತು.

ಬಂದರು. ಬಲೆ, ಉದ್ದನೆಯ ಕೋಲು, ಪಂಜರದ ವ್ಯಾನು, ಮೊಣಕಾಲವರೆಗಿನ ಬೂಟು. ಎಲ್ಲರಿಗಿಂತ ಮುಂದೆ ಒಬ್ಬ ದಪ್ಪ ಮೀಸೆಯ ಅಧಿಕಾರಿ. ವ್ಯಾನು ತಿರುವಿನಲ್ಲಿ ಕಾಣಿಸಿದ ಕೂಡಲೇ ಬೀದಿಯಲ್ಲಿ ಸುದ್ದಿ ಹಬ್ಬಿತು. ಮೊದಲ ಮನೆಯವರಿಗೆ ಅದು ಕಪ್ಪೆಯಾಗಿತ್ತು, ನಾಲ್ಕನೇ ಮನೆಯವರಿಗೆ ಮೊಸಳೆ, ಬೀದಿ ಕೊನೆಯ ದರ್ಜಿಯ ಅಂಗಡಿಗೆ ಮುಟ್ಟುವಾಗ ಅದು ಆಗಲೇ ಒಬ್ಬರನ್ನು ನುಂಗಿತ್ತು. ನುಂಗಿಸಿಕೊಂಡವರು ಮೇಷ್ಟ್ರು ಎಂದೂ ಗೊತ್ತಾಯಿತು. ಮೇಷ್ಟ್ರು ಖುದ್ದಾಗಿ ಬಾಗಿಲಿಗೆ ಬಂದು ನಿಂತರೂ ದರ್ಜಿಗೆ ನಂಬಿಕೆ ಬರಲಿಲ್ಲ.

ಅಧಿಕಾರಿ ಹಿತ್ತಲಿಗೆ ಬೆಕ್ಕಿನ ಹೆಜ್ಜೆಯಲ್ಲಿ ಹೋದರು. ಕಲ್ಲನ್ನು ನೋಡಿದರು. ಬಲೆ ಹಿಡಿದವನು ಅವರನ್ನೇ ನೋಡಿದ. ಬರಿಗೈಯಲ್ಲಿ ಹಿಂತಿರುಗುವುದು ಅವರ ಹುದ್ದೆಗೆ ಶೋಭೆಯಲ್ಲ, ಆದ್ದರಿಂದ ವಿಚಾರಣೆ ಶುರುವಾಯಿತು.

"ಇದು ಸತ್ತು ಎಷ್ಟು ದಿನ ಆಯ್ತು?"

ಕಾಂಪೌಂಡಿನ ಆಚೆಯಿಂದ ಮೇಷ್ಟ್ರು ಹೇಳಿದರು: "ಕೋಟ್ಯಂತರ ವರ್ಷ ಆಗಿರಬೇಕು."

"ಮತ್ತೆ ಇಷ್ಟು ತಡವಾಗಿ ಯಾಕೆ ತಿಳಿಸಿದ್ರಿ?" ಎಂದು ಅಧಿಕಾರಿ ಅವಸರಪ್ಪನವರ ಮೇಲೆ ರೇಗಿದರು.

ಅವಸರಪ್ಪನವರ ಬದುಕಿನಲ್ಲಿ ತಡಮಾಡಿದಿರಿ ಎಂಬ ಆರೋಪ ಬಂದಿದ್ದು ಅದೇ ಮೊದಲು. ಅವರು ತಬ್ಬಿಬ್ಬಾಗಿ ಕ್ಷಮೆ ಕೇಳಿಬಿಟ್ಟರು.

ಕೊನೆಗೆ ಆ ಅಧಿಕಾರಿಯೇ ವಸ್ತು ಸಂಗ್ರಹಾಲಯಕ್ಕೆ ಫೋನು ಮಾಡಿ, ಸಂಜೆಯ ಹೊತ್ತಿಗೆ ಒಬ್ಬ ವಿಜ್ಞಾನಿ ಮೇಡಂ ಬಂದರು. ಬಂದವರೇ ಚಪ್ಪಲಿ ಬಿಟ್ಟು, ಒದ್ದೆ ನೆಲದಲ್ಲಿ ಮಂಡಿಯೂರಿ, ಕೈಚೀಲದಿಂದ ಬ್ರಷ್ಷು ತೆಗೆದು ಕಲ್ಲಿನ ಮುಖ ಒರೆಸತೊಡಗಿದರು. ಕೂಸಿಗೆ ಮುಖ ಒರೆಸುವ ಹಾಗೆ. ಒರೆಸುವುದು ಮುಗಿಯುವಂತೆಯೇ ಕಾಣಲಿಲ್ಲ. ಅವಸರಪ್ಪನವರು ಅಷ್ಟರಲ್ಲಿ ಅವರ ಸುತ್ತ ಇಪ್ಪತ್ತು ಪ್ರದಕ್ಷಿಣೆ ಹಾಕಿದ್ದರು.

"ಇದು ಕಪ್ಪೆ ಅಂತ ಮೊದಲು ಹೇಳಿದ್ಯಾರು?" ಮೇಡಂ ತಲೆಯೆತ್ತದೆ ಕೇಳಿದರು.

"ನಾನೇ... ಯಾಕೆ, ತಪ್ಪಾಯ್ತಾ?"

"ಕಪ್ಪೆಗೆ ದೂರದ ಅಜ್ಜ ಅನ್ನಬಹುದು. ಉಭಯವಾಸಿ. ನೆಲದ ಮೇಲೂ ಇರ್ತಿತ್ತು, ನೀರಲ್ಲೂ ಇರ್ತಿತ್ತು. ಡೈನೋಸಾರ್‌ಗಳು ಬರೋಕಿಂತ ಮುಂಚಿನದು. ಇಷ್ಟು ದೊಡ್ಡದು, ಇಷ್ಟು ಚೆನ್ನಾಗಿ ಉಳಿದಿದ್ದು ನನ್ನ ಸರ್ವೀಸಲ್ಲೇ ನೋಡಿಲ್ಲ. ನೀವು ಅದು ಹೇಗೆ ಗುರುತು ಹಿಡಿದ್ರಿ?"

ಅವಸರಪ್ಪನವರು ಮೇಷ್ಟ್ರ ಕಡೆ ಓರೆಗಣ್ಣಿನಲ್ಲಿ ನೋಡಿ, "ಕಣ್ಣಿನ ಗುಳಿ ನೋಡಿ ಹೇಳ್ದೆ. ನಮ್ಮದು ಕಣ್ಣಿನ ಕಸುಬಲ್ವಾ?" ಎಂದರು. ಮೇಷ್ಟ್ರ ತಲೆ ಕಾಂಪೌಂಡಿನ ಹಿಂದೆ ಮುಳುಗಿತು.

ಮೇಡಂ ಎದ್ದು ಕೈ ಒರೆಸಿಕೊಂಡರು. "ಇದರ ಹಿಂಭಾಗ ಸಿಕ್ಕಿದ್ರೆ ನಮ್ಮ ಮ್ಯೂಸಿಯಮ್ಮಿನ ದೊಡ್ಡ ಹಾಲಿನ ಮಧ್ಯದಲ್ಲೇ ಇಡ್ತೀವಿ. ಪಕ್ಕದಲ್ಲಿ ಕಂಡುಹಿಡಿದವರ ಫೋಟೊ, ಆಳೆತ್ತರಕ್ಕೆ. ಬರೀ ಮುಂಭಾಗ ಆದ್ರೆ ಜಾಗ ಕೊಡಲ್ಲ, ಗೋದಾಮಿಗೆ ಹೋಗತ್ತೆ. ಕಲ್ಲನ್ನ ಯಾರೋ ಮಧ್ಯಕ್ಕೆ ಕೊಯ್ದಿದಾರೆ. ಉಳಿದ ತುಂಡು ಎಲ್ಲಿರಬಹುದು?"

"ನಮ್ಮಕ್ಕನ ಮನೇಲಿ," ಎಂದಳು ಹೆಂಡತಿ, ಅಪ್ಪಚ್ಚಿಯಾದ ಬಕೀಟನ್ನು ನೆಟ್ಟಗೆ ಮಾಡುತ್ತ. "ನಮ್ಮಪ್ಪ ಲಾರಿ ಓಡಿಸ್ತಿದ್ದಾಗ ಕಲ್ಲುಗಣಿಯಿಂದ ಒಂದು ಉದ್ದ ಚಪ್ಪಡಿ ತಂದು, ಎರಡು ಮಾಡ್ಸಿ, ಇಬ್ಬರು ಹೆಣ್ಣುಮಕ್ಕಳಿಗೂ ಒಂದೊಂದು ಕೊಟ್ರು. ಉಭಯವಾಸಿ ಅಂದ್ರಲ್ಲ ಮೇಡಂ, ಸರಿಯಾಗೇ ಇದೆ. ಅರ್ಧ ಇಲ್ಲಿ, ಅರ್ಧ ಅಲ್ಲಿ ವಾಸ."

ಆಳೆತ್ತರದ ಫೋಟೊ ಎಂಬ ಮಾತು ಅವಸರಪ್ಪನವರ ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ಆದರೆ ಅಕ್ಕನ ಮನೆ ಎಂದ ಕೂಡಲೇ ಆ ಫೋಟೊದೊಳಗೆ ಇನ್ನೊಂದು ಮುಖ ಇಣುಕಿದಂತಾಯಿತು. ಅದು ಷಡ್ಡಗರ ಮುಖ. ಹೆಂಡತಿಯ ಅಕ್ಕನ ಗಂಡ, ಇವರು ಬಾಯಿತುಂಬ ಭಾವ ಎಂದು ಕರೆಯುವವರು, ಆಸ್ತಿ ನೋಂದಣಿ ಕಚೇರಿಯಲ್ಲಿ ಸೂಪರಿಂಟೆಂಡೆಂಟರು. ಯಾವ ವಸ್ತುವನ್ನು ನೋಡಿದರೂ ಇದು ಚರಾಸ್ತಿಯೋ ಸ್ಥಿರಾಸ್ತಿಯೋ ಎಂದು ಮೊದಲು ತೀರ್ಮಾನಿಸಿಕೊಳ್ಳುವ ಮನುಷ್ಯ. ಅವರಿಗೆ ವಿಷಯ ತಿಳಿದರೆ ಫೋಟೊದಲ್ಲಿ ಅರ್ಧ ಹೋಯಿತು. ಅವರ ಹೊಟ್ಟೆಯ ಗಾತ್ರ ನೋಡಿದರೆ ಮುಕ್ಕಾಲೇ ಹೋಯಿತು.

"ಮೇಡಂ, ನೀವು ತಲೆ ತಗೊಂಡು ಹೋಗಿ. ಬಾಲದ ಜವಾಬ್ದಾರಿ ನನಗೆ ಬಿಡಿ," ಎಂದರು.

ಮಾರನೆಯ ದಿನ ಅಂಗಡಿಗೆ ತಲೆನೋವೆಂದು ಹೇಳಿಕಳಿಸಿ, ಭಾವ ಕಚೇರಿಗೆ ಹೋಗುವ ಹೊತ್ತು ನೋಡಿಕೊಂಡು ಅವರ ಮನೆಗೆ ಹೋದರು. ಅಲ್ಲಿ ಆ ಕಲ್ಲು ಅಡುಗೆಮನೆಯ ಕಟ್ಟೆಯಾಗಿತ್ತು. ಮೇಲ್ಮೈಗೆ ಪಾಲಿಷ್ ಹೊಡೆಸಿ, ಗ್ಯಾಸ್ ಒಲೆ ಇಟ್ಟು, ಕೆಳಗೆ ಸಿಲಿಂಡರ್ ನಿಲ್ಲಿಸಿದ್ದರು. ಅತ್ತಿಗೆ ಪಾತ್ರೆ ತೊಳೆಯುತ್ತಿದ್ದರು.

"ಏನು ಇಷ್ಟು ಹೊತ್ತಲ್ಲಿ? ಎಲ್ಲಾ ಕ್ಷೇಮ ತಾನೆ?"

ಇದ್ದದ್ದನ್ನು ಇದ್ದಂತೆ ಹೇಳಿಬಿಡಬಹುದಿತ್ತು. ಅವಸರಪ್ಪನವರು ಮೂಗು ಏರಿಸಿ ಗಾಳಿಯನ್ನು ಎರಡು ಸಲ ಎಳೆದುಕೊಂಡರು. "ಅತ್ತಿಗೆ, ಗ್ಯಾಸ್ ವಾಸನೆ ಬರ್ತಿಲ್ವಾ?"

"ಇಲ್ವಲ್ಲ?"

"ನಿಮಗೆ ರೂಢಿಯಾಗಿಬಿಟ್ಟಿದೆ. ಸ್ವಲ್ಪ ಸರೀರಿ, ನೋಡ್ತೀನಿ," ಎಂದವರೇ ಸಿಲಿಂಡರನ್ನು ಹೊರಗೆಳೆದು, ಟಾರ್ಚು ಹಿಡಿದು, ಕಟ್ಟೆಯ ಕೆಳಗೆ ಅಂಗಾತ ಮಲಗಿ ಒಳಗೆ ಸರಿದರು. ಹೊರಗೆ ಎರಡು ಕಾಲು ಮಾತ್ರ ಉಳಿದವು.

ಗ್ಯಾಸ್ ಎಂಬ ಶಬ್ದ ಅಡುಗೆಮನೆಯ ಕಿಟಕಿ ದಾಟಿತು. ಮೇಲಿನ ಮನೆಯವರು ಇಳಿದು ಬಂದರು. ಎದುರುಮನೆಯ ಅಜ್ಜಿಯನ್ನು ಕುರ್ಚಿ ಸಮೇತ ಎತ್ತಿ ರಸ್ತೆಗೆ ತಂದರು. ಯಾರೋ ಬೀದಿಯ ಕರೆಂಟ್ ತೆಗೆಸಿದರು, ಯಾರೋ ಬೀಡಿ ಸೇದುತ್ತಿದ್ದವನನ್ನು ಅಟ್ಟಿಸಿಕೊಂಡು ಹೋದರು. ಸುದ್ದಿ ಮುಟ್ಟಿ ಭಾವ ಕಚೇರಿಯಿಂದ ಸ್ಕೂಟರಿನಲ್ಲಿ ಹಾರಿ ಬಂದರು, ಅವರ ಹಿಂದೆಯೇ ಗ್ಯಾಸ್ ಕಂಪನಿಯ ಇಬ್ಬರು ಬಂದರು. ಭಾವ ಅಡುಗೆಮನೆಯ ಬಾಗಿಲಲ್ಲಿ ನಿಂತು ಆ ಎರಡು ಕಾಲುಗಳನ್ನು ನೋಡಿ, "ಅಯ್ಯೋ, ಹೋಗೇಬಿಟ್ರಾ?" ಎಂದು ಉದ್ಗರಿಸಿದರು.

ಅದೇ ಹೊತ್ತಿಗೆ ಕಟ್ಟೆಯ ಕೆಳಗಿನಿಂದ ಕೂಗು ಕೇಳಿಬಂತು: "ಸಿಕ್ತು! ಬಾಲ ಸಿಕ್ತು! ಹಿಂಗಾಲೂ ಇದೆ!"

ಗ್ಯಾಸ್ ಕಂಪನಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಿಲಿಂಡರಿಗೆ ಬಾಲವಿರುವುದನ್ನು ಅವರು ಟ್ರೇನಿಂಗಿನಲ್ಲಿ ಕೇಳಿರಲಿಲ್ಲ.

ಕಾಲು ಹಿಡಿದು ಎಳೆದು ಹೊರತೆಗೆದ ಮೇಲೆ ಅವಸರಪ್ಪನವರು ಎಲ್ಲವನ್ನೂ ಒಪ್ಪಿಕೊಳ್ಳಬೇಕಾಯಿತು. ಭಾವ ಕೊನೆಯವರೆಗೂ ಕೇಳಿಸಿಕೊಂಡರು. ಆಮೇಲೆ ಕಟ್ಟೆಯ ಮೇಲೆ ಅಂಗೈ ಊರಿ ತೀರ್ಪು ಕೊಟ್ಟರು.

"ನೋಡಪ್ಪಾ, ನಿನ್ನ ಕಲ್ಲು ಚರಾಸ್ತಿ. ಎತ್ತಿ ಆಚೆ ಇಡಬಹುದು. ನನ್ನದು ಗೋಡೆಗೆ ಸೇರಿಸಿ ಕಟ್ಟಿರೋ ಸ್ಥಿರಾಸ್ತಿ. ಚರ ಬಂದು ಸ್ಥಿರನ ಸೇರಬೇಕೇ ಹೊರತು ಸ್ಥಿರ ಎದ್ದು ಹೋಗಲ್ಲ. ಬೇಕಿದ್ರೆ ನಿನ್ನ ತಲೇನೇ ಇಲ್ಲಿಗೆ ತಂದಿಡು."

"ತಲೆ ಎಲ್ಲಿರತ್ತೋ ಅಲ್ಲಿಗೆ ಬಾಲ ಹೋಗ್ಬೇಕು ಭಾವ. ಅದು ಪ್ರಕೃತಿ ನಿಯಮ."

"ಹಾಗಾದ್ರೆ ಫೋಟೊದಲ್ಲಿ ನಾನು ಮುಂದೆ, ನೀನು ಹಿಂದೆ."

"ಬಾಲದವರು ಮುಂದೆ ನಿಲ್ಲೋದಾ?"

"ಹಿರಿಯವರು ಮುಂದೆ ನಿಲ್ಲೋದು!"

ಹೀಗೆ ಶುರುವಾದ ಮಾತು ಗೇಟಿನವರೆಗೂ ಬಂತು, ಬಸ್ ಸ್ಟಾಪಿನವರೆಗೂ ಬಂತು. ಬಸ್ಸು ಹೊರಟ ಮೇಲೂ ಅವಸರಪ್ಪನವರು ಕಿಟಕಿಯಿಂದ ಹೊರಗೆ ಬಾಗಿ ಉತ್ತರ ಕೊಡುತ್ತಲೇ ಇದ್ದರು.

ಮುಂದಿನ ದಿನಗಳಲ್ಲಿ ಅವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಂಗಡಿಯಲ್ಲಿದ್ದರೆ ಮ್ಯೂಸಿಯಮ್ಮಿಗೆ ಹೋಗಬೇಕೆನಿಸುವುದು, ಮ್ಯೂಸಿಯಮ್ಮಿಗೆ ಹೋದರೆ ಅಷ್ಟರಲ್ಲಿ ಭಾವ ಏನು ಹೂಡಿದರೋ ಎಂದು ಮನೆಗೆ ಓಡಬೇಕೆನಿಸುವುದು. ಹೋದಲ್ಲೆಲ್ಲ ಕನ್ನಡಿ ಕಂಡರೆ ಆಳೆತ್ತರದ ಫೋಟೊಕ್ಕೆ ಮುಖ ಹೇಗಿಟ್ಟುಕೊಳ್ಳುವುದೆಂದು ಅಭ್ಯಾಸ. ಗಿರಾಕಿಯಾಗಿ ಬಂದ ಒಬ್ಬ ಬಸ್ ಡ್ರೈವರಿಗೆ ಓದುವ ಕನ್ನಡಕ ಕೊಟ್ಟು ಕಳಿಸಿದರು. ಅವನು ರಸ್ತೆಯೆಲ್ಲ ಹತ್ತಿರ ಬಂದಿದೆ ಎಂದು ಹೆದರಿ ಬಸ್ಸನ್ನು ಡಿಪೋದಲ್ಲೇ ಬಿಟ್ಟು ಬಂದ. "ಒಂದು ಕಪ್ಪೆ ನನ್ನ ಅಂಗಡಿ ನುಂಗ್ತಾ ಇದೆ," ಎಂದು ಮಾಲೀಕರು ಗಿರಾಕಿಗಳೆದುರೇ ನಿಟ್ಟುಸಿರು ಬಿಟ್ಟರು.

ರಾಜಿ ಮಾಡಿಸಲೆಂದು ಮಾವನವರನ್ನು ಕರೆಸಲಾಯಿತು. ಅವರಿಗೆ ಕಿವಿ ಸ್ವಲ್ಪ ಮಂದ. ಇಬ್ಬರು ಅಳಿಯಂದಿರ ನಡುವೆ ಕೂತು, ಎರಡೂ ಕಡೆಯ ಕೂಗಾಟವನ್ನು ಸಮಾಧಾನವಾಗಿ ಕೇಳಿ, ಕೊನೆಗೆ ಹೇಳಿದರು: "ಕಲ್ಲು ತಂದೋನು ನಾನು. ಕೊಯ್ಸಿದೋನು ನಾನು. ಫೋಟೊ ಹಾಕೋದಾದ್ರೆ ನನ್ನ ಲಾರೀದು ಹಾಕ್ಸಿ. ಒಳ್ಳೇ ಲಾರಿ ಅದು, ಒಂದು ದಿನಾನೂ ಕೈಕೊಡಲಿಲ್ಲ." ಇಷ್ಟು ಹೇಳಿ, ಲಾರಿಯ ನೆನಪಿಗೆ ಕಣ್ಣೊರೆಸಿಕೊಂಡು, ಎದ್ದು ಹೊರಟೇಹೋದರು.

ಇವಿಷ್ಟೇ ಆಗಿದ್ದರೆ ಅವಸರಪ್ಪನವರು ಇನ್ನೂ ಒಂದಷ್ಟು ಕಾಲ ಓಡಾಡುತ್ತಿದ್ದರೇನೋ. ಆದರೆ ಮಾತುಗಳನ್ನು ಆಚೆಯಿಂದೀಚೆಗೆ ಸಾಗಿಸುವ ಕೆಲಸ ಅಕ್ಕತಂಗಿಯರ ಪಾಲಿಗೆ ಬಿದ್ದಿತ್ತು. "ಭಾವನಿಗೆ ಹೇಳು" ಎಂದು ಇವರು, "ನಿನ್ನ ತಂಗಿ ಗಂಡನಿಗೆ ಹೇಳು" ಎಂದು ಅವರು. ಒಂದು ಮಧ್ಯಾಹ್ನ ಅಕ್ಕ, "ನಿಮ್ಮ ಮನೆಯವರು ನಮ್ಮಡುಗೆ ಕಟ್ಟೆ ಕೆಳಗೆ ಕಳ್ಳನ ಹಾಗೆ ನುಗ್ಗಿದ್ರಲ್ಲೇ," ಎಂದಳು. ತಂಗಿ, "ನಿಮ್ಮ ಮನೆಯವರಿಗೆ ಸತ್ತ ಕಪ್ಪೆ ಬಾಲದಲ್ಲೂ ಪಾಲು ಬೇಕಲ್ಲ," ಎಂದಳು. ಫೋನು ಇಟ್ಟರು. ಮತ್ತೆ ಎತ್ತಲಿಲ್ಲ.

ಇವರ ಮನೆಯಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಅಕ್ಕತಂಗಿಯರು ಫೋನಿನಲ್ಲಿ ಮಾತಾಡುವುದು ಗಡಿಯಾರ ಹೊಡೆದಷ್ಟೇ ಖಾತ್ರಿ. ನಕ್ಕರೆ ಬೀದಿಗೆ ಕೇಳುತ್ತಿತ್ತು. ಒಂದು ದಿನ ಮರೆತ ಕೊಡೆಗಾಗಿ ಅಂಗಡಿಯಿಂದ ಓಡಿ ಬಂದ ಅವಸರಪ್ಪನವರಿಗೆ ಮನೆ ಯಾಕೋ ಖಾಲಿ ಎನಿಸಿತು. ಹೆಂಡತಿ ನಡುಮನೆಯಲ್ಲೇ ಇದ್ದಳು. ಮಡಿಲಲ್ಲಿ ಫೋನು ಇಟ್ಟುಕೊಂಡು, ಅದರ ಗಾಜನ್ನು ಸೆರಗಿನಿಂದ ಒರೆಸುತ್ತ ಕೂತಿದ್ದಳು. ಅದಾಗಲೇ ಕನ್ನಡಿಯಂತೆ ಹೊಳೆಯುತ್ತಿತ್ತು.

"ಫೋನ್ ಮಾಡಬಾರದಾ?"

"ಅವಳೇ ಮಾಡಲಿ."

"ಅವರೂ ಹಾಗೇ ಅಂದ್ಕೊಂಡಿದ್ರೆ?"

"ಅಂದ್ಕೊಂಡಿರ್ತಾಳೆ. ನಮ್ಮಕ್ಕ ಅಲ್ವಾ," ಎಂದವಳು ಮುಖ ತಿರುಗಿಸಿಕೊಂಡಳು.

ಅವಸರಪ್ಪನವರು ಕೊಡೆಯನ್ನು ಕೈಗೆ ತೆಗೆದುಕೊಂಡರು. ಕೆಳಗಿಟ್ಟರು. ಕಣ್ಣಿಗೆ ಕಟ್ಟಿದಂತಿದ್ದ ಆಳೆತ್ತರದ ಫೋಟೊ ಯಾಕೋ ಮಸುಕಾಯಿತು. ಹೆಂಡತಿಯ ಪಕ್ಕ ಕೂತರು. ಏನೂ ತೋಚದೆ, ಎದುರಿನ ಗೋಡೆ ನೋಡುತ್ತ ಬಹಳ ಹೊತ್ತು ಹಾಗೇ ಕೂತರು. ಅಂಗಡಿ ನೆನಪಾಗಿದ್ದು ಸಂಜೆಗೆ.

ಮರುದಿನ ಹೆಂಡತಿ ಸಂತೆಗೆ ಹೋಗಿ ಬರುತ್ತೇನೆಂದು ಬೇಗನೆ ಹೊರಟಳು. ಅವಳು ತಿರುವು ದಾಟಿದ ಮೇಲೆ ಇವರು ಬಾಗಿಲಿಗೆ ಬೀಗ ಹಾಕಿ ಬಸ್ಸು ಹತ್ತಿದರು. ಭಾವನ ಮುಂದೆ ಆಡಬೇಕಾದ ಮಾತನ್ನು ದಾರಿಯುದ್ದಕ್ಕೂ ಉರುಹೊಡೆದರು. "ಭಾವ, ಫೋಟೊ ನಿಮ್ಮದೇ ಇರಲಿ. ಅಕ್ಕತಂಗಿ ಮಾತಾಡೋ ಹಾಗಾದ್ರೆ ಸಾಕು." ಪಕ್ಕದಲ್ಲಿ ಕೂತಿದ್ದ ಪ್ರಯಾಣಿಕ ಎದ್ದು ಬೇರೆ ಸೀಟಿಗೆ ಹೋದ.

ಭಾವನ ಮನೆಯ ಬಾಗಿಲು ತೆರೆದಿತ್ತು. ಮುಂದೆ ಮ್ಯೂಸಿಯಮ್ಮಿನ ವ್ಯಾನು. ಒಳಗೆ ಸುತ್ತಿಗೆಯ ಸದ್ದು, ಧೂಳು, ಆ ಧೂಳಿನ ನಡುವೆ ಬೀದಿಗೆ ಕೇಳಿಸುವ ನಗು. ಇಣುಕಿ ನೋಡಿದರೆ, ಸಂತೆಗೆ ಹೋದ ಹೆಂಡತಿ ತಲೆಗೆ ಟವೆಲು ಕಟ್ಟಿಕೊಂಡು ಅಡುಗೆಮನೆಯಲ್ಲಿ ನಿಂತಿದ್ದಾಳೆ. ಪಕ್ಕದಲ್ಲಿ ಅಕ್ಕ. ಕಟ್ಟೆ ಕಿತ್ತು ಹೊರಬಂದಿದೆ. ವಿಜ್ಞಾನಿ ಮೇಡಂ ಕೆಲಸದವರಿಗೆ ನಿಧಾನ, ನಿಧಾನ ಎನ್ನುತ್ತಿದ್ದಾರೆ.

"ಯಾರು ಮೊದಲು ಫೋನ್ ಮಾಡಿದ್ದು?" ಎಂದು ಮಾತ್ರ ಕೇಳಲು ಸಾಧ್ಯವಾಯಿತು ಅವಸರಪ್ಪನವರಿಗೆ.

"ಇಬ್ಬರೂ ಒಟ್ಟಿಗೇ ಮಾಡಿದ್ವಿ. ಎಂಗೇಜ್ ಬಂತು," ಎಂದರು ಅತ್ತಿಗೆ.

"ನೀವಿಬ್ಬರೂ ತೀರ್ಮಾನ ಮಾಡೋವರೆಗೂ ಕಾದಿದ್ರೆ ನಾವೂ ಕಲ್ಲಾಗಿರ್ತಿದ್ವಿ," ಎಂದಳು ಹೆಂಡತಿ.

ಆಗ ಹೊರಗೆ ಸ್ಕೂಟರ್ ನಿಂತಿತು. ಭಾವ ಬೆವರುತ್ತ ಒಳಗೆ ಬಂದರು. "ಏನಪ್ಪಾ, ನಿನ್ನ ಮನೆಗೆ ಹೋಗಿದ್ದೆ, ಬೀಗ! ಒಂದು ಮಾತು ಹೇಳ್ಬೇಕಿತ್ತು. ಫೋಟೊ ನಿನ್ನದೇ ಇರಲಿ. ಇವಳು ಮನೇಲಿ ಮಾತಾಡ್ತಿಲ್ಲ, ನನಗೆ ಆಗ್ತಿಲ್ಲ."

"ಛೆ, ಛೆ! ನಾನು ಅದನ್ನೇ ಹೇಳೋಕೆ ಬಂದೆ ಭಾವ. ಫೋಟೊ ನಿಮ್ಮದು."

"ನಾನು ಆಗಲೇ ಬಿಟ್ಟುಕೊಟ್ಟಾಯ್ತಲ್ಲ."

"ನಾನು ಬಸ್ಸಲ್ಲೇ ಬಿಟ್ಟುಕೊಟ್ಟಿದೀನಿ!"

"ನಾನು ಮನೆ ಬಿಡೋವಾಗಲೇ ಬಿಟ್ಟುಕೊಟ್ಟೆ! ಹಿರಿಯವನು ಬಿಟ್ಟುಕೊಟ್ಟಾಗ ಸುಮ್ಮನೆ ತಗೊಳ್ಳೋದು ಕಲಿ!"

"ತಗೊಳ್ಳಲ್ಲ ಅಂದ್ರೆ ತಗೊಳ್ಳಲ್ಲ!"

ಜಗಳ ಮೊದಲಿಗಿಂತ ಜೋರಾಯಿತು. ಕೆಲಸದವರು ಕಲ್ಲಿನ ನಡುವೆ ಕೈಕೊಟ್ಟು ಎತ್ತಿದರು, ಅಕ್ಕತಂಗಿಯರು ಒಂದೊಂದು ತುದಿ ಹಿಡಿದು ನಗುತ್ತ ಬಾಗಿಲು ದಾಟಿಸಿದರು. ಮೇಡಂ ಹೊರಗೆ ನಿಂತು ಕ್ಯಾಮೆರಾ ಒತ್ತಿದರು. ಫೋಟೊ ಯಾರದು ಎಂಬುದು ಹಾಗೆ ತೀರ್ಮಾನವಾಯಿತು. ಒಳಗಿದ್ದ ಇಬ್ಬರಿಗೆ ಇದು ಗೊತ್ತಾಗಲಿಲ್ಲ. ಅವರು ಇನ್ನೂ ಬಿಟ್ಟುಕೊಡುತ್ತಿದ್ದರು.

ಉದ್ಘಾಟನೆಯ ದಿನ ದೊಡ್ಡ ಹಾಲು ಕಿಕ್ಕಿರಿದಿತ್ತು. ಮೇಷ್ಟ್ರು ಇಸ್ತ್ರಿ ಮಾಡಿದ ಕೋಟಿನಲ್ಲಿ ಬಂದಿದ್ದರು. ದರ್ಜಿ ಬಾಗಿಲ ಬಳಿಯೇ, ಓಡಲು ಅನುಕೂಲವಾಗುವಂತೆ ನಿಂತಿದ್ದ. ಮಾವನವರು ಮುಂದಿನ ಸಾಲಿನಲ್ಲಿ ಕೂತು ಪಕ್ಕದವರಿಗೆ ಲಾರಿಯ ಕಥೆ ಹೇಳುತ್ತಿದ್ದರು. ನಗರಸಭೆಯ ಅಧ್ಯಕ್ಷರು ಪರದೆ ಸರಿಸಿದಾಗ ಎರಡು ಕಲ್ಲುಗಳು, ನಡುವೆ ಒಂದು ಗೇಣು ಬಿಟ್ಟು, ಉದ್ದಕ್ಕೆ ಮಲಗಿದ್ದವು. ಗೋಡೆಯ ಮೇಲೆ ಟವೆಲು ಕಟ್ಟಿಕೊಂಡ ಅಕ್ಕತಂಗಿಯರು ಆಳೆತ್ತರಕ್ಕೆ ನಗುತ್ತಿದ್ದರು. ಅವಸರಪ್ಪನವರೂ ಭಾವನೂ ಆ ಫೋಟೊದ ಮೂಲೆಮೂಲೆ ಹುಡುಕಿದರು. ಇಬ್ಬರ ಚಪ್ಪಲಿಗಳು ಹೊಸ್ತಿಲ ಬಳಿ ಕಾಣಿಸಿದವು.

"ನಡುವೆ ಜಾಗ ಯಾಕೆ ಬಿಟ್ಟಿದೀರಿ?" ಅಧ್ಯಕ್ಷರು ಕೇಳಿದರು.

ಮೇಡಂ ಮೈಕಿನ ಮುಂದೆ ಬಂದರು. "ಕಲ್ಲು ಒಂದೇ. ಕೊಯ್ದ ಗುರುತು ಸರಿಯಾಗಿ ಕೂಡತ್ತೆ, ಸೊಂಟದ ಕಡೆ ಅಲ್ಲ, ತಲೆಯ ಮುಂದೆ. ಆದ್ರೆ ಶುಚಿ ಮಾಡಿ ನೋಡಿದ ಮೇಲೆ ಗೊತ್ತಾಯ್ತು, ಪ್ರಾಣಿ ಒಂದಲ್ಲ. ಈ ತಲೆಗೆ ಆ ಬಾಲ ಸೇರಲ್ಲ. ಆ ಬಾಲ ಇನ್ನೂ ದೊಡ್ಡ ಪ್ರಾಣೀದು. ಇದರ ಹಿಂಭಾಗ, ಅದರ ಮುಂಭಾಗ ಬಹುಶಃ ಗಣೀಲೇ ಉಳಿದಿವೆ. ನೀರು ಬತ್ತುತ್ತಾ ಬಂದಾಗ ಉಳಿದಿದ್ದ ಒಂದೇ ಹೊಂಡದಲ್ಲಿ ಎರಡೂ ಬಂದು ಸೇರಿದವು. ಬೇರೆ ಕಡೆ ಹೋಗೋಕೆ ಎರಡಕ್ಕೂ ಮನಸ್ಸು ಬರಲಿಲ್ಲ."

ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಯಾರೆಂದು ಅವಸರಪ್ಪನವರು ತಿರುಗಿ ನೋಡಬೇಕಾಗಿರಲಿಲ್ಲ. ಆ ನಗು ಅವರ ಮನೆಯದೇ.

ಈಗ ಭಾನುವಾರ ಮ್ಯೂಸಿಯಮ್ಮಿಗೆ ಹೋದವರಿಗೆ ಟಿಕೆಟ್ಟಿನ ಜೊತೆ ಎರಡು ಭಾಷಣ ಪುಕ್ಕಟೆ. ತಲೆಯ ಕಡೆ ಅವಸರಪ್ಪನವರು ನಿಂತು, ಇದು ಬಹಳ ಚುರುಕಿನ ಪ್ರಾಣಿ, ಒಂದು ಗಳಿಗೆಯೂ ಸುಮ್ಮನಿರುತ್ತಿರಲಿಲ್ಲ ಎಂದು ಹೇಳುತ್ತಾರೆ. ಬಾಲದ ಕಡೆ ಭಾವ ನಿಂತು, ಇದು ಗಂಭೀರ ಪ್ರಾಣಿ, ಇದ್ದ ಜಾಗ ಬಿಟ್ಟು ಕದಲುತ್ತಿರಲಿಲ್ಲ ಎಂದು ಹೇಳುತ್ತಾರೆ. ಕಾವಲುಗಾರ ಇಬ್ಬರಿಗೂ ಹಾಲಿನ ಎರಡು ತುದಿಯಲ್ಲಿ ಜಾಗ ಗೊತ್ತುಮಾಡಿದ್ದಾನೆ.

ಮೊನ್ನೆ ಒಬ್ಬ ಅಜ್ಜಿ ಮೊಮ್ಮಕ್ಕಳ ಕೈ ಹಿಡಿದು ಬಂದರು. ಎರಡೂ ಭಾಷಣ ಕೇಳಿದರು. ಕಲ್ಲುಗಳನ್ನು ಆ ಕಡೆಯಿಂದೊಮ್ಮೆ, ಈ ಕಡೆಯಿಂದೊಮ್ಮೆ ನೋಡಿ ಅವಸರಪ್ಪನವರನ್ನು ಕೇಳಿದರು:

"ಅಲ್ಲಪ್ಪಾ, ಒಂದೇ ಹೊಂಡದಲ್ಲಿದ್ವು ಅಂತೀಯಲ್ಲ, ಇವೆರಡೂ ಒಂದಕ್ಕೊಂದು ಏನಾಗ್ಬೇಕು?"

ಅವಸರಪ್ಪನವರು ಹಾಲಿನ ಆ ತುದಿಯತ್ತ ಒಮ್ಮೆ ನೋಡಿದರು.

"ಷಡ್ಡಗರು, ಅಮ್ಮ."

"ಹೌದು," ಎಂದರು ಭಾವ ಬಾಲದ ಕಡೆಯಿಂದ, ದನಿಯೇರಿಸಿ. "ಆ ತಲೆ ಚಿಕ್ಕವನದು."